ಹುರಿಹಿಟ್ಟು ಮಾರುಕಟ್ಟೆಗೆ ಬಿಡಬೇಕು: ಡಿಸ್ಟ್ರಿಬ್ಯೂಟರ್‌ಗೆ ಕೊಡುವುದೋ, ಆನ್‌ಲೈನೋ, ಜಾತ್ರೆಯೋ?

ಹುರಿಹಿಟ್ಟು_ಮನೆ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ನಾನು ಮತ್ತು ನಮ್ಮ ಅತ್ತಿಗೆ ಸೇರಿ ಮನೆಯಲ್ಲೇ ರಾಗಿ ಹುರಿಹಿಟ್ಟು ಮಾಡುತ್ತೇವೆ. ನಮ್ಮತ್ತೆ ಹೇಳಿಕೊಟ್ಟ ರೀತಿ. ರಾಗಿ ತೊಳೆದು, ನೆನೆಸಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಆರಿಸಿ, ಕಾದ ಮರಳಲ್ಲಿ ಹುರಿದು ಅರಳು ಮಾಡಿ, ಜರಡಿ ಹಿಡಿದು, ಮಿಲ್ಲಿಗೆ ಹಾಕಿಸುವುದು. ಇಷ್ಟು ದಿನ ನೆಂಟರಿಗೆ, ಬೆಂಗಳೂರಲ್ಲಿರುವ ಮಕ್ಕಳಿಗೆ ಕಳಿಸುತ್ತಿದ್ದೆವು. ಅವರ ಆಫೀಸಿನವರು ರುಚಿ ನೋಡಿ ಕೇಳೋಕೆ ಶುರು ಮಾಡಿದರು, ಈಗ ತಿಂಗಳಿಗೆ 30 ಕೆಜಿ ಹಾಗೇ ಹೋಗುತ್ತಿದೆ. ಇದಕ್ಕೊಂದು ಹೆಸರಿಟ್ಟು, ಅರ್ಧ ಕೆಜಿ ಪ್ಯಾಕೆಟ್ ಮಾಡಿ ಸರಿಯಾಗಿ ಮಾರೋಣ ಅಂತ ಆಸೆ. ಕೈಯಲ್ಲಿ 1 ಲಕ್ಷ 20 ಸಾವಿರ ಇದೆ, ಅದರಲ್ಲಿ ಅರ್ಧ ಸ್ತ್ರೀಶಕ್ತಿ ಸಂಘದ ಸಾಲ. ಮೈಮುರಿದು ಮಾಡಿದರೆ ತಿಂಗಳಿಗೆ 200 ಕೆಜಿ ಮಾಡಬಹುದು.

ಮುಂದೆ ಮೂರು ದಾರಿ ಇದೆ. ತುಮಕೂರಿನ ಒಬ್ಬ ಡಿಸ್ಟ್ರಿಬ್ಯೂಟರ್, ಮೊದಲ ಸಲಕ್ಕೆ 1000 ಪ್ಯಾಕೆಟ್ ಕೊಡಿ, 150 ಅಂಗಡಿಗೆ ಹಾಕಿಸುತ್ತೇನೆ ಅಂತಿದ್ದಾರೆ. ತಮ್ಮನ ಮಗ, ಅತ್ತೇ, ನಿಮಗೆ ಆ ತಲೆನೋವೇ ಬೇಡ, ಆನ್‌ಲೈನ್‌ನಲ್ಲಿ ಹಾಕಿ, ಇಡೀ ದೇಶಕ್ಕೆ ಮಾರಬಹುದು ಅಂತಾನೆ. ನನ್ನ ಮನಸ್ಸಲ್ಲಿರುವುದು ಶಿವರಾತ್ರಿಗೆ ಸಿದ್ಧಗಂಗಾ ಜಾತ್ರೆಯ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆ. ಅತ್ತಿಗೆಗೆ ಮಾತ್ರ ಶಾಮಿಯಾನ ಹಾಕಿಸಿ, ಯಾರಾದರೂ ದೊಡ್ಡವರನ್ನು ಕರೆದು ಬಿಡುಗಡೆ ಮಾಡಿಸಬೇಕು ಅಂತ. ಯಾವುದು ಸರಿ?

ಕಿರಾಣಿ_ಅಂಗಡಿ (ವಿಜಯನಗರ, ಬೆಂಗಳೂರು)

ಅಕ್ಕಾ, 22 ವರ್ಷದಿಂದ ಅಂಗಡಿ ಇಟ್ಟುಕೊಂಡವನು ಹೇಳುತ್ತಿದ್ದೇನೆ, ಬೇಜಾರಾದರೂ ಕೇಳಿ. ಆ ಡಿಸ್ಟ್ರಿಬ್ಯೂಟರ್ 150 ಅಂಗಡಿಗೆ ಹಾಕಿಸುತ್ತೇನೆ ಅಂದರೆ ಹಾಕಿಸಿಯೇ ಬಿಡಬಹುದು. ಅಂಗಡಿ ಒಳಗೆ ಬರುವುದು ದೊಡ್ಡ ವಿಷಯ ಅಲ್ಲ, ಅಲ್ಲಿಂದ ಗಿರಾಕಿ ಚೀಲಕ್ಕೆ ಹೋಗುವುದು ದೊಡ್ಡದು. ನನ್ನ ಅಂಗಡಿಗೆ ವಾರಕ್ಕೆ ಮೂರ್ನಾಲ್ಕು ಜನ ಹೊಸ ಪ್ಯಾಕೆಟ್ ಹಿಡಿದುಕೊಂಡು ಬರುತ್ತಾರೆ. ಸಿರಿಧಾನ್ಯದ ಬಿಸ್ಕತ್ತು, ನವಣೆ ದೋಸೆ ಹಿಟ್ಟು, ಬೆಲ್ಲದ ಪುಡಿ, ಒಂದಾ ಎರಡಾ. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ, ಇಟ್ಟು ಹೋಗಿ, ಹೋದರೆ ದುಡ್ಡು, ಹೋಗದಿದ್ದರೆ ವಾಪಸ್. ಖುಷಿಯಾಗಿ ಇಟ್ಟು ಹೋಗುತ್ತಾರೆ. ಆಮೇಲೆ ಎರಡು ತಿಂಗಳು ಪತ್ತೆ ಇಲ್ಲ. ಪ್ಯಾಕೆಟ್ ಮೇಲೆ ಧೂಳು ಕೂರುತ್ತೆ, ನಾನು ಕೆಳಗಿನ ರ್ಯಾಕಿಗೆ ತಳ್ಳುತ್ತೇನೆ, ಡೇಟ್ ಮುಗಿದ ಮೇಲೆ ಜಗಳಕ್ಕೆ ಬರುತ್ತಾರೆ.

ನನಗೂ ಬಾಡಿಗೆ ಕಟ್ಟಬೇಕು ಅಲ್ವಾ. ಗಿರಾಕಿ ಬಂದು ಹೆಸರು ಹಿಡಿದು ಕೇಳದ ಮಾಲನ್ನು ಕಣ್ಣೆದುರು ಇಡೋಕೆ ಆಗಲ್ಲ. ನೀವು ಬಂದರೂ ನಿಮಗೂ ಇದನ್ನೇ ಹೇಳುತ್ತೇನೆ.

ಲೆಕ್ಕದ_ಪುಸ್ತಕ

ಮೇಡಂ, ಒಂದು ಪ್ಯಾಕೆಟ್‌ಗೆ ಖರ್ಚು ಎಷ್ಟು, ಎಂಆರ್‌ಪಿ ಎಷ್ಟು ಅಂದುಕೊಂಡಿದ್ದೀರಿ? ಅದು ಗೊತ್ತಿಲ್ಲದೆ ದಾರಿ ಹೇಳೋಕೆ ಬರಲ್ಲ.

ಹುರಿಹಿಟ್ಟು_ಮನೆ

ಸರ್, ಅರ್ಧ ಕೆಜಿಗೆ ರಾಗಿ 30 ರೂಪಾಯಿ (ಕಲ್ಲು, ಹೊಟ್ಟು, ಅರಳದ ಕಾಳು ಎಲ್ಲ ಕಳೆದು), ಕೂಲಿ ಮತ್ತು ಸೌದೆ 18, ಮಿಲ್ಲು 4, ಪೌಚ್ ಮತ್ತು ಲೇಬಲ್ 9. ಒಟ್ಟು 61. ಎಂಆರ್‌ಪಿ 110 ಇಡೋಣ ಅಂತ. ಕೂಲಿ ಅಂದರೆ ಸಹಾಯಕ್ಕೆ ಬರುವ ಇಬ್ಬರದ್ದು ಮಾತ್ರ, ನಮ್ಮಿಬ್ಬರದ್ದು ಹಾಕಿಲ್ಲ.

ಲೆಕ್ಕದ_ಪುಸ್ತಕ

ನಿಮ್ಮಿಬ್ಬರದ್ದು ಹಾಕಿಲ್ಲ ಅನ್ನುವುದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಡಿಸ್ಟ್ರಿಬ್ಯೂಟರ್ ದಾರಿ ನೋಡೋಣ. 110ರಲ್ಲಿ ಅಂಗಡಿಯವರಿಗೆ 20 ಪರ್ಸೆಂಟ್ ಹೋಯಿತು, 88 ಆಯಿತು. ಹೊಸ ಮಾಲು, ನಿಧಾನಕ್ಕೆ ಹೋಗುವ ಮಾಲು, ಅದಕ್ಕಿಂತ ಕಮ್ಮಿಗೆ ಯಾರೂ ಇಟ್ಟುಕೊಳ್ಳಲ್ಲ. ಡಿಸ್ಟ್ರಿಬ್ಯೂಟರ್‌ಗೆ ಅದರಲ್ಲಿ 8 ಪರ್ಸೆಂಟ್, 81ಕ್ಕೆ ಬಂತು. ಸಾಗಾಣಿಕೆ 4 ತೆಗೆದರೆ 77. ಹತ್ತಕ್ಕೆ ಒಂದು ಫ್ರೀ ಸ್ಕೀಮ್ ಕೊಡಿ ಅಂತ ಕೇಳಿಯೇ ಕೇಳುತ್ತಾರೆ, ಅದಕ್ಕೆ 7 ಹೋಗಿ 70. ನೂರರಲ್ಲಿ ಹತ್ತು ಪ್ಯಾಕೆಟ್ ಡೇಟ್ ಮುಗಿದು ವಾಪಸ್ ಬಂದರೆ ಇನ್ನೊಂದು 8. ಉಳಿದದ್ದು 62. ನಿಮ್ಮ ಖರ್ಚು 61.

ಒಂದು ರೂಪಾಯಿ ಮೇಡಂ. ಅದೂ 45 ದಿನದ ಚೆಕ್ಕು. ನಿಮ್ಮಿಬ್ಬರ ಕೂಲಿ ಈ ಒಂದು ರೂಪಾಯಿಯಲ್ಲೇ ಬರಬೇಕು. ಸಾವಿರ ಪ್ಯಾಕೆಟ್ ಅಂದರೆ 61 ಸಾವಿರ, ಕೈಯಲ್ಲಿರುವ ದುಡ್ಡಿನ ಅರ್ಧ ಒಂದೇ ಸಲಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ.

ಸೇಲ್ಸ್_ಸೋಮಾರಿ

ಇನ್ನೊಂದು ಯಾರೂ ನೋಡಲಿಲ್ಲ. 1000 ಅರ್ಧ ಕೆಜಿ ಪ್ಯಾಕೆಟ್ ಅಂದರೆ 500 ಕೆಜಿ. ಅಕ್ಕ ಮೈಮುರಿದು ಮಾಡಿದರೂ 200 ಕೆಜಿ ಅಂತಿದ್ದಾರೆ. ಎರಡೂವರೆ ತಿಂಗಳು ಮಾಡಿ ಕೂಡಿಡಬೇಕು, ಅಷ್ಟರಲ್ಲಿ ಮೊದಲು ಮಾಡಿದ ಹಿಟ್ಟು ಹಳತಾಗಿರುತ್ತೆ.

ಕೋಡ್_ಕುಟ್ಟೋನು

ನೀವೆಲ್ಲ ಸುಮ್ನೆ ಹೆದರಿಸುತ್ತಿದ್ದೀರಿ. ನಾನು ಹೇಳುವುದು ಪೂರ್ತಿ ಉಲ್ಟಾ. ಒಂದು ದಿನ ಗೊತ್ತು ಮಾಡಿ, ಯುಗಾದಿ ಅಂದುಕೊಳ್ಳಿ, ಒಂದು ತಿಂಗಳು ಮುಂಚಿನಿಂದ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಿಡಿ, ಅಜ್ಜಿ ರಾಗಿ ಹುರಿಯುವುದು, ಮರಳಲ್ಲಿ ಅರಳು ಸಿಡಿಯುವುದು, ಆ ಶಬ್ದ ಒಂದೇ ಸಾಕು ಜನ ನಿಂತು ನೋಡುತ್ತಾರೆ. ಮುಂಗಡ ಬುಕಿಂಗ್ ತೆಗೆದುಕೊಳ್ಳಿ. ಓಲಾ ಸ್ಕೂಟರ್ 2021ರಲ್ಲಿ 499 ರೂಪಾಯಿಗೆ ಬುಕಿಂಗ್ ತೆರೆದಾಗ 24 ಗಂಟೆಯಲ್ಲಿ 1 ಲಕ್ಷ ಬುಕಿಂಗ್ ಬಂತು, ಸ್ಕೂಟರನ್ನು ಒಬ್ಬರೂ ಓಡಿಸಿ ನೋಡಿರಲಿಲ್ಲ. ಲಾಂಚ್ ಅಂದರೆ ಸದ್ದು ಆಗಬೇಕು. ಸದ್ದಿಲ್ಲದೆ ಬಂದದ್ದು ಸದ್ದಿಲ್ಲದೆ ಹೋಗುತ್ತೆ.

ಸೇಲ್ಸ್_ಸೋಮಾರಿ

ಅಪ್ಪಾ ಪುಣ್ಯಾತ್ಮ, ಆ ಕತೆಯ ಉಳಿದರ್ಧವನ್ನೂ ಹೇಳು. ಅಕ್ಟೋಬರ್‌ನಲ್ಲಿ ಕೊಡುತ್ತೇವೆ ಅಂದಿದ್ದ ಸ್ಕೂಟರ್ ಜನರ ಕೈಗೆ ಸೇರೋಕೆ ಶುರುವಾಗಿದ್ದು ಡಿಸೆಂಬರ್ ಮಧ್ಯದಲ್ಲಿ, ಅದೂ ಮೊದಲು ಬೆಂಗಳೂರು, ಚೆನ್ನೈಯಲ್ಲಿ. ಕಾದು ಕಾದು ಸುಸ್ತಾದವರು ಬೈದಿದ್ದೂ ಅಷ್ಟೇ ಸದ್ದಾಯಿತು. ಅವರ ಹತ್ತಿರ ಕೋಟಿಗಟ್ಟಲೆ ದುಡ್ಡಿತ್ತು, ಬೈಸಿಕೊಂಡು ನಿಲ್ಲಬಹುದಿತ್ತು. ಅಕ್ಕನ ಹತ್ತಿರ ಸಂಘದ ಸಾಲ ಇದೆ.

ಅದೇ ಬೆಂಗಳೂರಿನ ಏಥರ್ ನೋಡು. 2018ರ ಜೂನ್‌ನಲ್ಲಿ 450 ಅನ್ನುವ ಹೆಸರಿನ ಸ್ಕೂಟರ್ ಬಿಟ್ಟಾಗ ಮಾರಿದ್ದು ಬೆಂಗಳೂರು ಒಂದರಲ್ಲೇ. ಚೆನ್ನೈಗೆ ಹೋಗಿದ್ದು ಮುಂದಿನ ವರ್ಷ. ಎಲ್ಲಿ ಚಾರ್ಜಿಂಗ್ ಇದೆಯೋ, ಕೆಟ್ಟರೆ ಎಲ್ಲಿ ರಿಪೇರಿಗೆ ಹುಡುಗರು ಓಡಿ ಹೋಗಬಹುದೋ ಅಲ್ಲಿ ಮಾತ್ರ. ಹುರಿಹಿಟ್ಟಿಗೆ ಚಾರ್ಜಿಂಗ್ ಬೇಡ ನಿಜ, ಆದರೆ ಮುಂದಿನ ತಿಂಗಳು ಅದೇ ಮನೆಗೆ ಅದೇ ರುಚಿಯ ಎರಡನೇ ಪ್ಯಾಕೆಟ್ ಸಿಗಬೇಕಲ್ಲ, ಅದು ಬೇಕು. ಅದನ್ನು ಕೊಡೋಕೆ ಆಗುವಷ್ಟು ದೂರಕ್ಕೆ ಮಾತ್ರ ಹೋಗಬೇಕು.

ಕೋಡ್_ಕುಟ್ಟೋನು

ಸರಿ, ಸ್ಕೂಟರ್ ಬಿಡಿ. ಜಿಯೋ? 2016ರ ಸೆಪ್ಟೆಂಬರ್‌ನಲ್ಲಿ ಫ್ರೀ ಕೊಟ್ಟು ಶುರು ಮಾಡಿ, ಮುಂದಿನ ಮಾರ್ಚ್‌ವರೆಗೆ ಫ್ರೀ ಕೊಟ್ಟರು. ಮೊದಲ ತಿಂಗಳು ಫ್ರೀ ಹಂಚಿ ಅಭ್ಯಾಸ ಮಾಡಿಸಬಹುದಲ್ವಾ?

ಕಿರಾಣಿ_ಅಂಗಡಿ

ಅಕ್ಕನ ಹಿಂದೆ ಪೆಟ್ರೋಲ್ ಬಾವಿ ಇದ್ದರೆ ಹಂಚಲಿ.

ರೊಟ್ಟಿ_ಬುಟ್ಟಿ (ಧಾರವಾಡ)

ನೋಡ್ರಿ ಅಕ್ಕಾರ, ಶಾಮಿಯಾನದ ಮಾತು ಬಂತಲ್ಲ, ಅದಕ್ಕೆ ನಾನೇ ಉತ್ತರ ಕೊಡಬೇಕು. ನಾವು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ ಶುರು ಮಾಡಿದಾಗ ಹಿಂಗೇ ಮಾಡಿದ್ದೆವು. ಶಾಮಿಯಾನ, ಮೈಕು, ಹಾರ, ಶಾಲು, ಫ್ಲೆಕ್ಸು, ಬಂದವರಿಗೆ ಊಟ. 42 ಸಾವಿರ ಆಯಿತು. ಮುನ್ನೂರು ಮಂದಿ ಬಂದರು. ರೊಟ್ಟಿ ಭಾಳ ಚಲೋ ಅದಾವು ಅಂತ ಮುನ್ನೂರೂ ಮಂದಿ ಹೇಳಿದರು. ಪ್ಯಾಕೆಟ್ ಕೊಂಡವರು 12 ಮಂದಿ, ಅದರಾಗ ನಾಲ್ಕು ಮಂದಿ ನಮ್ಮ ಬೀಗರು.

ಕಾರ್ಯಕ್ರಮಕ್ಕೆ ಬಂದ ಜನ ಕಾರ್ಯಕ್ರಮಕ್ಕೆ ಬಂದಿರುತ್ತಾರೆ, ರೊಟ್ಟಿಗೆ ಅಲ್ಲ. ಆ ದುಡ್ಡಿನಾಗ ನಾನು ಎರಡು ವರ್ಷ ಸ್ಯಾಂಪಲ್ ಹಂಚಬಹುದಿತ್ತು. ಈಗ ನಮ್ಮ ವ್ಯಾಪಾರ ನಡೆದಿರುವುದು ಎರಡು ಹಾಸ್ಟೆಲ್, ಒಂದು ಖಾನಾವಳಿ, ಮತ್ತೆ ಪುಣೆಗೆ ಹೋಗಿ ನೆಲೆಸಿದ ನಮ್ಮ ಕಡೆ ಮಂದಿಯಿಂದ. ಇವರ್ಯಾರೂ ಶಾಮಿಯಾನ ನೋಡಿದವರಲ್ಲ. ಫೋಟೋ ಮಾತ್ರ ಭಾಳ ಚಲೋ ಬಂದಾವ, ಗೋಡೆಗೆ ಹಾಕೇವಿ.

ಹಪ್ಪಳದ_ಮನೆ (ಪುತ್ತೂರು ಕಡೆ)

ಆನ್‌ಲೈನ್ ಬಗ್ಗೆ ನಾನು ಹೇಳುತ್ತೇನೆ ಮಾರಾಯ್ರೆ. ನಮ್ಮದು ಹಲಸಿನ ಹಪ್ಪಳ, ಹಲಸಿನ ಬೀಜದ ಪುಡಿ. ಒಂದು ದೊಡ್ಡ ಆನ್‌ಲೈನ್ ತಾಣದಲ್ಲಿ ಹಾಕಿದೆವು. ಮೊದಲ ವಾರ 40 ಆರ್ಡರ್, ನಾವು ಆಕಾಶದಲ್ಲಿ. ಆಮೇಲೆ ಲೆಕ್ಕ ಬಂತು. ಅವರ ಕಮಿಷನ್, ಕಳಿಸುವ ಖರ್ಚು, ಪಾರ್ಸೆಲ್ ತೂಕ ನಾವು ಹೇಳಿದ್ದಕ್ಕಿಂತ ಜಾಸ್ತಿ ಉಂಟು ಅಂತ ಇನ್ನೊಂದು ದಂಡ, ವಾಪಸ್ ಬಂದದ್ದಕ್ಕೆ ಎರಡೂ ಕಡೆ ಸಾಗಾಟ. 180 ರೂಪಾಯಿ ಹಪ್ಪಳಕ್ಕೆ ನಮ್ಮ ಕೈಗೆ 70 ಬಂತು. ಹಪ್ಪಳ ಪುಡಿಯಾಗಿ ತಲುಪಿದ್ದಕ್ಕೆ ಒಂದು ಸ್ಟಾರ್ ಕೊಟ್ಟವರು ಐದು ಜನ. ಆ ಐದು ಸ್ಟಾರು ಇವತ್ತಿಗೂ ಅಲ್ಲೇ ಉಂಟು, ನಮ್ಮ ಹೆಸರು ಹುಡುಕಿದರೆ ಮೊದಲು ಬರುವುದು ಅದೇ. ಪ್ಯಾಕಿಂಗ್ ಸರಿ ಮಾಡಿ ಎರಡು ವರ್ಷ ಆಯಿತು.

ಆನ್‌ಲೈನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ತಪ್ಪು ಮಾಡಿ ಕಲಿಯುವ ಜಾಗ ಅದಲ್ಲ. ಪಕ್ಕದ ಮನೆಯ ಅಕ್ಕ ಹಪ್ಪಳ ಪುಡಿಯಾಗಿದೆ ಅಂತ ಹೇಳಿದರೆ ಇನ್ನೊಂದು ಕಟ್ಟು ಕೊಟ್ಟು ಬರಬಹುದು, ಅಲ್ಲಿಗೆ ಮುಗಿಯಿತು.

ಹೋಂ_ಸೈನ್ಸ್_ಟೀಚರ್

ನಾನು ವ್ಯಾಪಾರದವಳಲ್ಲ, 18 ವರ್ಷ ಪಾಠ ಮಾಡಿದವಳು. ಒಂದು ಪ್ರಶ್ನೆ. ನಿಮ್ಮ ಹುರಿಹಿಟ್ಟನ್ನು ಕೊಳ್ಳುವವರಿಗೆ ಅದನ್ನು ಹೇಗೆ ತಿನ್ನಬೇಕು ಅಂತ ಗೊತ್ತಿದೆಯಾ?

ನಗಬೇಡಿ. ತುಮಕೂರು, ಹಾಸನ, ಮಂಡ್ಯ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಾಲು, ಬೆಲ್ಲ, ಒಂದು ಚಮಚ ತುಪ್ಪ ಹಾಕಿ ಕಲಸುತ್ತಾರೆ, ಇಲ್ಲ ಮಜ್ಜಿಗೆಗೆ ಹಾಕಿ ಕುಡಿಯುತ್ತಾರೆ, ಕಾಯಿ ತುರಿ ಹಾಕಿ ಉಂಡೆ ಕಟ್ಟುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಹುಡುಗಿ ಅದನ್ನು ರಾಗಿ ಹಿಟ್ಟು ಅಂದುಕೊಂಡು ಮುದ್ದೆ ಮಾಡೋಕೆ ಹೋಗುತ್ತಾಳೆ. ಬಿಸಿನೀರಿಗೆ ಹಾಕಿ ಗಂಟಾಯಿತು ಅಂತ ಬಿಸಾಕುತ್ತಾಳೆ. ಇದು ಊಹೆ ಅಲ್ಲ, ನನ್ನ ಸೊಸೆ ಮಾಡಿದ್ದು.

ಕೆಲಾಗ್ಸ್ 1994ರಲ್ಲಿ ನಮ್ಮ ದೇಶಕ್ಕೆ ಬಂದಾಗ ಆಗಿದ್ದೂ ಹೀಗೇ ಅಂತ ಪಾಠದಲ್ಲಿ ಹೇಳುತ್ತಿದ್ದೆ. ಅವರ ಕಾರ್ನ್‌ಫ್ಲೇಕ್ಸ್ ಚಕ್ಕೆ ತಣ್ಣನೆಯ ಹಾಲಿಗೆ ಅಂತ ಮಾಡಿದ್ದು. ನಮ್ಮವರು ಬೆಳಿಗ್ಗೆ ಬಿಸಿ ಹಾಲು ಸುರಿದರು, ಗರಿಗರಿ ಹೋಗಿ ಮೆತ್ತಗಾಯಿತು. ಅಷ್ಟು ದೊಡ್ಡ ಕಂಪನಿ, ಅಷ್ಟು ಜಾಹೀರಾತು, ಆದರೂ ಎಡವಿದ್ದು ಅಡುಗೆಮನೆಯಲ್ಲಿ. ಅದಕ್ಕೇ ಹೇಳುತ್ತೇನೆ, ಪ್ಯಾಕೆಟ್ ಹಿಂದೆ ದೊಡ್ಡಕ್ಷರದಲ್ಲಿ ಬರೆಯಿರಿ: ಇದು ಈಗಾಗಲೇ ಹುರಿದದ್ದು, ಬೇಯಿಸಬೇಡಿ.

ಹುರಿಹಿಟ್ಟು_ಮನೆ

ಟೀಚರ್, ನಿಜ ಹೇಳಬೇಕು ಅಂದರೆ ಇದು ನನ್ನ ತಲೆಗೇ ಬಂದಿರಲಿಲ್ಲ. ನಮಗೆ ಹುಟ್ಟಿದಾಗಿನಿಂದ ಗೊತ್ತಲ್ಲ, ಬೇರೆಯವರಿಗೂ ಗೊತ್ತಿರುತ್ತೆ ಅಂದುಕೊಂಡಿದ್ದೆ. ಲೇಬಲ್ ಇನ್ನೂ ಪ್ರಿಂಟ್‌ಗೆ ಕೊಟ್ಟಿಲ್ಲ, ಪುಣ್ಯ.

ಲೆಕ್ಕದ_ಪುಸ್ತಕ

ಕೊಟ್ಟಿಲ್ಲದಿದ್ದರೆ ಇನ್ನೂ ಒಂದಿಷ್ಟು ಸೇರಿಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮೊದಲು. ನಾನು ಮಾಡಿಸಿಕೊಟ್ಟ ಮನೆ ಉದ್ಯಮಗಳಿಗೆಲ್ಲ, ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಕಟ್ಟುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಈಗಿನ ನಿಯಮ ನೋಡಿಬಿಡಿ. 14 ಅಂಕಿಯ ನಂಬರ್ ಬರುತ್ತೆ, ಅದು ಪ್ಯಾಕೆಟ್ ಮೇಲೆ ಇರಲೇಬೇಕು. ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಲ್ಲಿವರೆಗೆ ಬಳಸಬಹುದು, ಬ್ಯಾಚ್ ನಂಬರ್, ನಿಮ್ಮ ವಿಳಾಸ, ದೂರು ಹೇಳೋಕೆ ಫೋನ್ ನಂಬರ್, ಸಸ್ಯಾಹಾರ ಅಂತ ತೋರಿಸುವ ಹಸಿರು ಚುಕ್ಕೆ. ಇದರ ಮೇಲೆ ಪ್ಯಾಕೆಟ್ ಒಳಗಿನ ಹಿಟ್ಟು ಗ್ರಾಂಗೋ ಕೆಜಿಗೋ ಎಷ್ಟು ರೂಪಾಯಿ ಬಿತ್ತು ಅನ್ನುವುದನ್ನೂ ಹಾಕಬೇಕು.

ಜಿಎಸ್‌ಟಿ ಬಗ್ಗೆ ಜನ ತುಂಬಾ ಹೆದರಿಸುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಯವರಿಗೆ ನೋಟಿಸ್ ಬಂದ ಮೇಲಂತೂ ಕ್ಯೂಆರ್ ಕೋಡ್ ಕಿತ್ತುಹಾಕಿದವರೇ ಜಾಸ್ತಿ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ. ನೀವು ಅದರ ಹತ್ತಿರವೂ ಇಲ್ಲ. ಆದರೆ ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ಉಪಯೋಗಕ್ಕೆ ಬರಲ್ಲ, ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಬೇಕು. ಇಡೀ ದೇಶಕ್ಕೆ ಮಾರೋಣ ಅಂದ ನಿಮ್ಮ ತಮ್ಮನ ಮಗನಿಗೆ ಇದನ್ನು ತೋರಿಸಿ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆ ವಾಸಿಯಾಗುತ್ತೆ, ಮಂಡಿ ನೋವು ಹೋಗುತ್ತೆ ಅಂತೆಲ್ಲ ಲೇಬಲ್ ಮೇಲೆ ಹಾಕಬೇಡಿ. ಆಹಾರದ ಪ್ಯಾಕೆಟ್ ಮೇಲೆ ರೋಗ ವಾಸಿ ಮಾಡುವ ಮಾತು ಬರೆಯುವಂತಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ ಎಂಬುದು ನಿಜ, 100 ಗ್ರಾಂಗೆ ಸುಮಾರು 340ರಿಂದ 360 ಮಿಲಿಗ್ರಾಂ. ಆದರೆ ನಿಮ್ಮ ಪ್ಯಾಕೆಟ್ ಮೇಲೆ ಅಂಕಿ ಹಾಕಬೇಕಾದರೆ ನಿಮ್ಮ ಹಿಟ್ಟನ್ನೇ ಲ್ಯಾಬಿಗೆ ಕಳಿಸಿ, ಬಂದ ಅಂಕಿ ಹಾಕಿ.

ಅನಾಮಿಕ_77

ಇಷ್ಟೆಲ್ಲ ನಿಧಾನ ಮಾಡಿದರೆ ಇನ್ಯಾರೋ ಕಾಪಿ ಹೊಡೆದು ಮುಂದೆ ಹೋಗುತ್ತಾರೆ. ಮೊದಲು ಬಂದವನೇ ಗೆಲ್ಲುವುದು.

ಹೋಂ_ಸೈನ್ಸ್_ಟೀಚರ್

ಹುರಿಹಿಟ್ಟನ್ನು ಕಾಪಿ ಹೊಡೆಯುವುದು ಅಂದರೆ ಏನಪ್ಪಾ? ಅದು ನಮ್ಮ ಮುತ್ತಜ್ಜಿಯರೆಲ್ಲ ಮಾಡುತ್ತಿದ್ದದ್ದು.

ಲೆಕ್ಕದ_ಪುಸ್ತಕ

ಹೆಸರನ್ನು ಕಾಪಿ ಹೊಡೆಯಬಹುದು, ಅದಕ್ಕೆ ಟ್ರೇಡ್‌ಮಾರ್ಕ್ ಇದೆ. ಒಬ್ಬರ ಹೆಸರಲ್ಲಿ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ಹಿಟ್ಟು 30ನೇ ವರ್ಗಕ್ಕೆ ಬರುತ್ತೆ. ಮೊದಲು ಆ ಹೆಸರು ಯಾರದ್ದಾದರೂ ಇದೆಯಾ ಅಂತ ಹುಡುಕಿ, ಅದು ಫ್ರೀ.

ಸೇಲ್ಸ್_ಸೋಮಾರಿ

ಮೊದಲು ಬರುವ ವಿಷಯಕ್ಕೆ ಒಂದು ಮಾತು. ಇಡ್ಲಿ ದೋಸೆ ಹಿಟ್ಟಿನ ಪ್ಯಾಕೆಟ್ ಬೆಂಗಳೂರಲ್ಲಿ ಎಷ್ಟು ವರ್ಷದಿಂದ ಇದೆ ಹೇಳಿ. ಐಡಿ ಫ್ರೆಶ್‌ನವರು 2005ರಲ್ಲಿ ಶುರು ಮಾಡಿದ್ದು ಸಣ್ಣದೊಂದು ಜಾಗದಲ್ಲಿ ಒಂದಿಷ್ಟು ಗ್ರೈಂಡರ್ ಇಟ್ಟುಕೊಂಡು, ಸುತ್ತಮುತ್ತಲ ಸುಮಾರು 20 ಅಂಗಡಿಗೆ. ನಂದಿನಿ ಹಿಟ್ಟು ಬಂದಿದ್ದು 2024ರ ಡಿಸೆಂಬರ್‌ನಲ್ಲಿ, ಹತ್ತೊಂಬತ್ತು ವರ್ಷ ಆದ ಮೇಲೆ. ಹಳ್ಳಿಹಳ್ಳಿಗೂ ಹಾಲು ಮುಟ್ಟಿಸುವ ಕೆಎಂಎಫ್ ಕೂಡ ಆ ಹಿಟ್ಟನ್ನು ಒಂದೇ ದಿನ ರಾಜ್ಯದ ಎಲ್ಲ ಬೂತಿಗೂ ಇಡಲಿಲ್ಲ, ಬೆಂಗಳೂರಲ್ಲಿ ಶುರು ಮಾಡಿತು. ಗಾಡಿ ಇದ್ದವರೇ ಹುಷಾರಾಗಿ ಹೆಜ್ಜೆ ಇಡುವಾಗ ನಾವು ಓಡಬೇಕಾ?

ಈಗ ಅಕ್ಕನಿಗೆ. ನಾನು 14 ವರ್ಷ ಸೋಪು, ಬಿಸ್ಕತ್ತು, ಟೀ ಪುಡಿ ಹಿಡಿದು ಅಂಗಡಿ ಅಂಗಡಿಗೆ ಲೈನ್ ಹೊಡೆದವನು. ಹೊಸ ಮಾಲು ಬಿಟ್ಟಾಗ ನಮ್ಮ ಮ್ಯಾನೇಜರ್ ಮೊದಲ ತಿಂಗಳ ಬಿಲ್ ನೋಡುತ್ತಲೇ ಇರಲಿಲ್ಲ. ಅದು ಅಂಗಡಿಗೆ ತುಂಬಿಸಿದ ಲೆಕ್ಕ ಅಷ್ಟೇ ಅನ್ನುತ್ತಿದ್ದರು. ಎರಡನೇ ತಿಂಗಳು ಅದೇ ಅಂಗಡಿ ಮತ್ತೆ ಕೇಳಿತಾ? ನಮ್ಮ ಲೈನಲ್ಲಿ ಅದಕ್ಕೆ ರಿಪೀಟ್ ಅಂತಾರೆ. ರಿಪೀಟ್ ಬರದ ಮಾಲನ್ನು ಇನ್ನೂ ನೂರು ಅಂಗಡಿಗೆ ಹಾಕಿದರೆ ನೂರು ಕಡೆಯಿಂದ ವಾಪಸ್ ಬರುತ್ತೆ, ಅಷ್ಟೇ ಲಾಭ.

ನಿಮಗೆ ಈಗ 30 ಕೆಜಿ ಹೋಗುತ್ತಿದೆ. ಅದರಲ್ಲಿ ಎಷ್ಟು ಜನ ನೆಂಟರು, ದಾಕ್ಷಿಣ್ಯಕ್ಕೆ ಕೊಳ್ಳುವವರು? ಅವರನ್ನು ಬಿಟ್ಟುಬಿಡಿ, ಲೆಕ್ಕಕ್ಕೆ ಬೇಡ. ಮುಖ ಪರಿಚಯ ಇಲ್ಲದ 50 ಮನೆ ಹುಡುಕಿ. ಬೆಂಗಳೂರಲ್ಲಿ ನಿಮ್ಮ ಮಕ್ಕಳಿರುವ ಒಂದು ಅಪಾರ್ಟ್‌ಮೆಂಟು, ತುಮಕೂರಿನ ಒಂದು ಬಡಾವಣೆ, ಎರಡೇ ಸಾಕು. ಫ್ರೀ ಕೊಡಬೇಡಿ. ಫ್ರೀ ತಗೊಂಡವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಪೂರ್ತಿ 110ಕ್ಕೇ ಮಾರಿ. ಬೆಂಗಳೂರಿಗೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆಯಲ್ಲಿ ಒಂದೇ ಡಬ್ಬ ಹಾಕಿ, ಮಗಳು ಬಸ್‌ಸ್ಟ್ಯಾಂಡಲ್ಲಿ ತಗೊಂಡು ಹಂಚಲಿ.

ಆಮೇಲೆ ಒಂದು ಸಣ್ಣ ಉಪಾಯ. ತಮಿಳುನಾಡಿನ ಚಿಕ್ ಶಾಂಪೂ ಗೊತ್ತಲ್ಲ, 1983ರಲ್ಲಿ ಕಡಲೂರಲ್ಲಿ 15 ಸಾವಿರ ರೂಪಾಯಿಯಲ್ಲಿ ಶುರುವಾಗಿದ್ದು. ಅವರು ಐದು ಖಾಲಿ ಸ್ಯಾಶೆ ತಂದುಕೊಟ್ಟರೆ ಒಂದು ಫ್ರೀ ಅಂತ ಇಟ್ಟರು. ನನಗೆ ಅದರಲ್ಲಿ ಹಿಡಿಸಿದ್ದು ಫ್ರೀ ಅಲ್ಲ, ಖಾಲಿ ಅನ್ನುವ ಮಾತು. ಖಾಲಿ ಆಗಿದೆ ಅಂದರೆ ಬಳಸಿದ್ದಾರೆ. ನೀವೂ ಖಾಲಿ ಪೌಚ್ ತಂದರೆ ಮುಂದಿನ ಪ್ಯಾಕೆಟ್‌ಗೆ 10 ರೂಪಾಯಿ ಕಮ್ಮಿ ಅಂತ ಇಡಿ. ಎಷ್ಟು ಪೌಚ್ ಬಂತು ಅಂತ ಎಣಿಸಿದರೆ ಎಷ್ಟು ಜನ ನಿಜವಾಗಲೂ ತಿಂದು ಮುಗಿಸಿದರು ಅಂತ ಗೊತ್ತಾಗುತ್ತೆ. ಸರ್ವೆ ಗಿರ್ವೆ ಏನೂ ಬೇಡ.

ಮೂರು ವಾರ ಆದ ಮೇಲೆ ಇಲ್ಲಿ ಬಂದು ನಂಬರ್ ಹೇಳಿ. ಆಗ ಡಿಸ್ಟ್ರಿಬ್ಯೂಟರ್ ಮಾತಾಡೋಣ.

ಕೋಡ್_ಕುಟ್ಟೋನು

ಖಾಲಿ ಪೌಚ್ ಉಪಾಯ ಚೆನ್ನಾಗಿದೆ, ಒಪ್ಪಿದೆ. ಆದರೂ ರೀಲ್ಸ್ ಮಾಡಿ ಅಕ್ಕಾ, ಅದಕ್ಕೆ ದುಡ್ಡು ಖರ್ಚಿಲ್ಲ.

ನ್ಯೂಜೆರ್ಸಿ_ಮುದ್ದೆ

ಇಲ್ಲಿಗೆ ಕಳಿಸುತ್ತೀರಾ? ಹತ್ತು ಕೆಜಿ ನಾನೊಬ್ಬನೇ ತಗೊಳ್ಳುತ್ತೇನೆ.

ಲೆಕ್ಕದ_ಪುಸ್ತಕ

ದಯವಿಟ್ಟು ಈಗಲೇ ಬೇಡ ಮೇಡಂ. ರಫ್ತಿಗೆ ಐಇಸಿ (ಆಮದು ರಫ್ತು ಸಂಕೇತ) ನಂಬರ್‌ನಿಂದ ಹಿಡಿದು ಬೇರೆಯದೇ ಪುರಾಣ ಇದೆ. ಅವರು ಊರಿಗೆ ಬಂದಾಗ ಸೂಟ್‌ಕೇಸಲ್ಲಿ ತಗೊಂಡು ಹೋಗಲಿ.

ಮಂಡ್ಯದ_ಮಗ

ಪಿಎಂಎಫ್‌ಎಂಇ ಯೋಜನೆ ಯಾರೂ ಹೇಳಲೇ ಇಲ್ಲ. 2020ರಲ್ಲಿ ಬಂದದ್ದು, ಸಣ್ಣ ಆಹಾರ ಉದ್ಯಮಕ್ಕೆ. ಯಂತ್ರದ ಖರ್ಚಿಗೆ ಕೇಂದ್ರದ್ದು 35 ಪರ್ಸೆಂಟ್ ಸಬ್ಸಿಡಿ, ನಮ್ಮ ರಾಜ್ಯ ಅದಕ್ಕೆ 15 ಸೇರಿಸಿ 50 ಮಾಡಿತು, 15 ಲಕ್ಷದವರೆಗೆ. ನಮ್ಮೂರಲ್ಲಿ ಒಬ್ಬರು ಗಾಣ ಹಾಕಿದ್ದಾರೆ. ಹುರಿಯುವ ಯಂತ್ರ ತಗೊಂಡರೆ ಮರಳಿನ ರಗಳೆಯೂ ಇಲ್ಲ.

ಸೇಲ್ಸ್_ಸೋಮಾರಿ

ಒಳ್ಳೆ ಯೋಜನೆ, ಇಲ್ಲ ಅನ್ನಲ್ಲ. ಆದರೆ ಅದು ಬ್ಯಾಂಕ್ ಸಾಲದ ಜೊತೆ ಬರುವ ಸಬ್ಸಿಡಿ. ಯಂತ್ರ ಬಂದ ದಿನದಿಂದ ಕಂತು ಶುರು. ರಿಪೀಟ್ ಗೊತ್ತಾದ ಮೇಲೆ ಕೃಷಿ ಇಲಾಖೆಗೆ ಹೋಗಿ ಈಗ ಏನೇನು ಸಿಗುತ್ತೆ ಅಂತ ಕೇಳಲಿ. ಸಬ್ಸಿಡಿ ಸಿಗುತ್ತೆ ಅಂತ ಯಂತ್ರ ತಂದು, ಅದರ ಮೇಲೆ ಬಟ್ಟೆ ಒಣಗಿಸುತ್ತಿರುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹುರಿಹಿಟ್ಟು_ಮನೆ (ಶಿವರಾತ್ರಿ ಕಳೆದ ಮೇಲೆ)

ಎಲ್ಲರಿಗೂ ನಮಸ್ಕಾರ. ಹೇಳಿದಂತೆ ಬಂದೆ, ತಡವಾಯಿತು. ಮಧ್ಯದಲ್ಲಿ ಅತ್ತಿಗೆಗೆ ಹುಷಾರಿರಲಿಲ್ಲ.

ಮೊದಲು ಅಪಾರ್ಟ್‌ಮೆಂಟ್ ಮತ್ತು ತುಮಕೂರಿನ ಬಡಾವಣೆ. 52 ಮನೆ, ಪೂರ್ತಿ ಬೆಲೆಗೆ. ಒಂದು ತಿಂಗಳಲ್ಲಿ ವಾಪಸ್ ಬಂದ ಖಾಲಿ ಪೌಚ್ 19. ಕಮ್ಮಿಯೋ ಜಾಸ್ತಿಯೋ ನನಗೆ ಗೊತ್ತಿಲ್ಲ, ಸೇಲ್ಸ್ ಅಣ್ಣ ಹೇಳಬೇಕು. ಮಗಳು ಉಳಿದ 33 ಮನೆಗೂ ಹೋಗಿ ಕೇಳಿದಳು, ಬೈಸಿಕೊಳ್ಳೋಕೆ ತಯಾರಾಗಿಯೇ ಹೋಗಿದ್ದಳು. ಹದಿನಾಲ್ಕು ಜನಕ್ಕೆ ಇನ್ನೂ ಮುಗಿದಿಲ್ಲ, ಅರ್ಧ ಕೆಜಿ ಜಾಸ್ತಿಯಾಯಿತು ಅಂದರು. ಏಳು ಜನ ಟೀಚರ್ ಹೇಳಿದ ಹಾಗೆಯೇ ಬೇಯಿಸಿ ಹಾಳು ಮಾಡಿಕೊಂಡಿದ್ದರು, ದೊಡ್ಡಕ್ಷರದಲ್ಲಿ ಬರೆದಿದ್ದರೂ! ನಾಲ್ಕು ಜನ ಹಲ್ಲಿಗೆ ಮರಳು ಸಿಕ್ಕಿತು ಅಂದರು. ಅದನ್ನು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನೆಂಟರಿಗೂ ಸಿಕ್ಕಿರುತ್ತೆ, ಇಷ್ಟು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಉಳಿದವರು ರುಚಿ ಹಿಡಿಸಲಿಲ್ಲ ಅಂತ ನೇರವಾಗಿ ಹೇಳಿದರು.

ಮರಳಿಗೆ ಈಗ ಎರಡು ಸಲ ಸಣ್ಣ ಜರಡಿ ಹಿಡಿದು, ಆಮೇಲೆ ಮೊರದಲ್ಲಿ ಕೇರುತ್ತೇವೆ. ಪ್ಯಾಕೆಟ್‌ಗೆ ಮೂರು ರೂಪಾಯಿ ಖರ್ಚು ಜಾಸ್ತಿ. ಇದೇ ಹಿಟ್ಟು 150 ಅಂಗಡಿಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಹೊಟ್ಟೆ ತೊಳೆಸುತ್ತೆ.

ಇನ್ನೊಂದು ವಿಚಿತ್ರ. ಜಿಮ್ಮಿಗೆ ಹೋಗುವ ಹುಡುಗರು ತಗೊಳ್ಳುತ್ತಾರೆ ಅಂತ ಮಗಳು ಅಂದುಕೊಂಡಿದ್ದಳು. ಅವರು ಒಂದು ಸಲ ತಗೊಂಡು ಸುಮ್ಮನಾದರು. ಆ 19ರಲ್ಲಿ 13 ಮನೆಯಲ್ಲಿ ವಯಸ್ಸಾದವರಿದ್ದಾರೆ, ಹಲ್ಲಿಲ್ಲದ ಅಜ್ಜ ಅಜ್ಜಿ, ಸಂಜೆ ಹಾಲಿಗೆ ಕಲಸಿಕೊಂಡು ತಿನ್ನುವವರು. ಅಂಥವರ ಹಲ್ಲಿಗೇ ಮರಳು ಕೊಟ್ಟಿದ್ದೀರಲ್ಲ ಅಂತ ಮಗಳು ಬೈದಳು, ಹಲ್ಲೇ ಇಲ್ಲವಲ್ಲ ಅಂತ ಅತ್ತಿಗೆ ಅಂದರು.

ಜಾತ್ರೆಯಲ್ಲೂ ಮಳಿಗೆ ಹಾಕಿದೆವು, ಇನ್ನೊಂದು ಸಂಘದವರ ಜೊತೆ ಅರ್ಧ ಜಾಗ. ಉಂಡೆ ಮಾಡಿ ಅಲ್ಲೇ ರುಚಿಗೆ ಕೊಟ್ಟೆವು, ಜೊತೆಗೆ 200 ಗ್ರಾಂ ಸಣ್ಣ ಪ್ಯಾಕೆಟ್, 50 ರೂಪಾಯಿ. 210 ಪ್ಯಾಕೆಟ್ ಹೋಯಿತು, ನಮಗೇ ನಂಬಿಕೆ ಬರಲಿಲ್ಲ. ಆದರೆ ಆಮೇಲೆ ಫೋನ್ ಮಾಡಿ ಮತ್ತೆ ಕೇಳಿದವರು 9 ಜನ ಮಾತ್ರ. ಅತ್ತಿಗೆಯ ಶಾಮಿಯಾನದ ಆಸೆ ಅಲ್ಲಿಗೆ ತೀರಿತು, ಅಲ್ಲೂ ಮೇಲೆ ಶಾಮಿಯಾನವೇ ಇತ್ತಲ್ಲ.

ಡಿಸ್ಟ್ರಿಬ್ಯೂಟರ್ ಮತ್ತೆ ಫೋನ್ ಮಾಡಿದ್ದರು. ಈಗ ಇನ್ನೂರೇ ಪ್ಯಾಕೆಟ್ ಸಾಕು ಅಂತಾರೆ, ಆದರೆ ತುಮಕೂರು ಜಿಲ್ಲೆಯಲ್ಲಿ ಬೇರೆ ಯಾರಿಗೂ ಕೊಡಬಾರದು ಅಂತ ಬರೆದುಕೊಡಬೇಕಂತೆ.

ಸೇಲ್ಸ್_ಸೋಮಾರಿ

52ಕ್ಕೆ 19, ಅದೂ ಮರಳಿದ್ದ ಹಿಟ್ಟಿಗೆ, ಅರ್ಧ ಕೆಜಿ ಇನ್ನೂ ಮುಗಿಯದವರು ಹದಿನಾಲ್ಕು ಜನ ಬಾಕಿ ಇರುವಾಗ. ನಾನಾಗಿದ್ದರೆ ಮುಂದುವರಿಸುತ್ತಿದ್ದೆ ಅಕ್ಕಾ. ಜಾತ್ರೆಯ 210 ನೋಡಿ ತಲೆ ತಿರುಗಿಸಿಕೊಳ್ಳಬೇಡಿ, ಅಲ್ಲಿ ಜನ ಕೈಯಲ್ಲಿ ದುಡ್ಡು ಹಿಡಿದುಕೊಂಡೇ ಬಂದಿರುತ್ತಾರೆ.

ಜಿಲ್ಲೆ ಬರೆದುಕೊಡಬೇಡಿ. ತೀರಾ ಒತ್ತಾಯ ಮಾಡಿದರೆ ಒಂದು ತಾಲ್ಲೂಕು, ಮೂರು ತಿಂಗಳು, ಇಷ್ಟು ಪ್ಯಾಕೆಟ್ ಎತ್ತದಿದ್ದರೆ ಮಾತು ರದ್ದು ಅಂತ ಬರೆಸಿ. ವಾಪಸ್ ಬಂದ ಮಾಲು ಯಾರ ಲೆಕ್ಕ ಅನ್ನುವುದೂ ಅದರಲ್ಲೇ ಇರಲಿ.

ಲೆಕ್ಕದ_ಪುಸ್ತಕ

200 ಗ್ರಾಂಗೆ 50 ಅಂದರೆ ಕೆಜಿಗೆ 250 ಆಯಿತು, ಅರ್ಧ ಕೆಜಿ ಪ್ಯಾಕೆಟ್‌ನಲ್ಲಿ 220. ಸಣ್ಣದಕ್ಕೂ ಪೌಚ್ ಖರ್ಚು ಹೆಚ್ಚುಕಮ್ಮಿ ಅಷ್ಟೇ ಬೀಳುತ್ತೆ, ಆದ್ದರಿಂದ ಬೆಲೆ ಇಳಿಸಬೇಡಿ. ನಿಮ್ಮಿಬ್ಬರ ಕೂಲಿ ಬರೆದಿಟ್ಟುಕೊಂಡಿದ್ದೀರಾ?

ಹುರಿಹಿಟ್ಟು_ಮನೆ

ಬರೆದಿದ್ದೇನೆ ಸರ್. ದಿನಕ್ಕೆ 300 ಅಂತ ಹಾಕಿದೆ. ಅತ್ತಿಗೆ 400 ಹಾಕು ಅಂತ ಜಗಳ ಮಾಡುತ್ತಿದ್ದಾರೆ.

ಕಿರಾಣಿ_ಅಂಗಡಿ

ಅಕ್ಕಾ, 200 ಗ್ರಾಂದು ಒಂದು ಡಜನ್ ಕಳಿಸಿ ನೋಡೋಣ. ನಮ್ಮ ಬೀದಿಯಲ್ಲಿ ಹಾಸನದವರ ಮನೆ ಜಾಸ್ತಿ ಇದೆ. ವಾಪಸ್ ಮಾತು ಮಾತ್ರ ಹಳೆಯದೇ.